ಬಸ್ರಾದಲ್ಲಿ ಕೊಂಡ ಪಾರಿವಾಳದ ಜೋಳ

ಬಸ್ರಾ ಪಟ್ಟಣದಲ್ಲಿ ನನಗೆ ಮೊದಲು ಸಿಕ್ಕಿದ್ದು ಬೈಗುಳ. ಅದೂ ಎಂಥ ಬೈಗುಳ! ನಾನು ದೊಡ್ಡ ಜಾತಿಯವನೆಂದು ತಿಳಿದು ಒಬ್ಬ ಅರಬ ನನ್ನ ಮೇಲೆ ಹರಿಹಾಯ್ದ.

ಹಡಗಿನಿಂದ ಇಳಿದು ನಾಲ್ಕೋ ಐದೋ ದಿನವಾಗಿತ್ತು. ಅಶಾರ್ ಎಂಬ ಪೇಟೆಯಲ್ಲಿ ಕಾಲುವೆಯ ದಂಡೆಗೆ ಒಂದು ಚಹಾದಂಗಡಿ. ಹೊರಗೆ ಉದ್ದುದ್ದ ಬೆಂಚುಗಳು, ಅವುಗಳ ಮೇಲೆ ಚಾಪೆ, ಚಾಪೆಯ ಮೇಲೆ ಕಾಲು ಮಡಚಿ ಕೂತ ಜನ. ನಾನು ಬೆಂಚಿನ ಹತ್ತಿರ ಸುಳಿಯಲಿಲ್ಲ. ಅಂಗಡಿಯ ಮಗ್ಗುಲಿಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಚೀಲದಿಂದ ನನ್ನ ಜರ್ಮನ್ ತಗಡಿನ ಗ್ಲಾಸು ತೆಗೆದು ಮುಂದಿಟ್ಟೆ. ಚಹಾ ಕುಡಿಯುವ ರೀತಿ ಅದೇ ಎಂದು ನಾನು ತಿಳಿದಿದ್ದೆ. ದೇವದುರ್ಗದಲ್ಲಿ ನಮ್ಮ ಕೇರಿಯವರು ಹೋಟೆಲಿನ ಒಳಗೆ ಕಾಲಿಡುವುದಿಲ್ಲ. ಹೊರಗೆ ಕೂತು ನಮ್ಮ ಗ್ಲಾಸು ನಾವು ಇಡಬೇಕು, ಅವರು ಎತ್ತರದಿಂದ ಹೊಯ್ಯುತ್ತಾರೆ, ಕುಡಿದು ತೊಳೆದುಕೊಂಡು ಎದ್ದು ಹೋಗಬೇಕು.

ಅಂಗಡಿಯ ಮುದುಕ ಒಂದು ಬಸಿಯಲ್ಲಿ ಸಣ್ಣ ಗಾಜಿನ ಗ್ಲಾಸು ಹಿಡಿದು ನನ್ನ ಕಡೆಗೇ ಬಂದ. ನನ್ನ ಗ್ಲಾಸನ್ನು ನೋಡಿದ್ದೇ ತಡ, ಅವನ ಮುಖ ಗಂಟಾಯಿತು. ತಂದಿದ್ದ ಚಹಾವನ್ನು ಕಾಲುವೆಗೆ ಚೆಲ್ಲಿ, ಅರಬಿಯಲ್ಲಿ ಅರ್ಧ, ಮುರುಕು ಹಿಂದುಸ್ತಾನಿಯಲ್ಲಿ ಅರ್ಧ, ಬಾಯಿಗೆ ಬಂದಂತೆ ಬೈಯತೊಡಗಿದ. ಯಾರಿಗೆ ಬೈಯುತ್ತಿದ್ದಾನೆಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಆಗ ರಸ್ತೆಯಿಂದ ಕನ್ನಡದ ನಗು ಕೇಳಿಸಿತು. ನಗುವಿಗೆ ಭಾಷೆ ಇಲ್ಲವೆನ್ನುತ್ತಾರೆ, ನನಗೆ ಮಾತ್ರ ಅದು ಕನ್ನಡದ್ದೇ ಅನಿಸಿತು. ಖಾಕಿ ಅಂಗಿ, ಕೆಳಗೆ ಧೋತರ, ತಲೆಗೆ ಕರಿ ಟೋಪಿ, ಸುಮಾರು ಮೂವತ್ತರ ಒಬ್ಬ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಯಾಕ ಬೈಯಾಕತ್ತಾನ್ರೀ ಇವ?" ಎಂದೆ.

"ನೀ ಅವನ ಗ್ಲಾಸು ಮುಟ್ಟಂಗಿಲ್ಲಂತ! ಅವನ ಕೈ ಹೊಲಸಂತ! ನಿನ್ನ ಬಾನಿಯಾನ ಅಂತ ತಿಳ್ಕೊಂಡಾನಲೇ. ಇಲ್ಲಿ ಹಿಂದೂ ಸಾವಕಾರರಿಗೆ ಹಂಗ ಅಂತಾರ. ಅವರು ಈ ಮಂದಿ ಕೈಲೆ ನೀರು ಸೈತ ಕುಡಿಯಂಗಿಲ್ಲ. ಯಾವೂರು ನಿಂದು?"

"ದೇವದುರ್ಗರೀ."

"ಯಾರ ಪೈಕಿ?"

"ಕೇರ್ಯಾವರೀ."

ಆತ ಮತ್ತೊಮ್ಮೆ ನಗಲು ಬಾಯಿ ತೆರೆದ, ಆದರೆ ನಗಲಿಲ್ಲ. ನನ್ನ ಗ್ಲಾಸನ್ನು, ಮುದುಕನನ್ನು, ನನ್ನನ್ನು ನೋಡಿದ. "ಹೋಗು, ಮ್ಯಾಲ ಕೂಡು. ಇಲ್ಲಂದ್ರ ಅವ ಬಡಿತಾನ" ಎಂದ.

ಹೀಗೆ ನಾನು ಇಪ್ಪತ್ತು ವರ್ಷದವನಾಗಿ ಮೊದಲ ಸಲ ಒಂದು ಹೋಟೆಲಿನ ಬೆಂಚಿನ ಮೇಲೆ ಕೂತೆ, ಅದೂ ಹೊಡೆತಕ್ಕೆ ಹೆದರಿ. ಹೇಗನಿಸಿತು ಎಂದು ಓದುವವರು ಕೇಳಬಹುದು. ಏನೂ ಅನಿಸಲಿಲ್ಲ. ಹಾಲಿಲ್ಲದ ಚಹಾ, ಕಹಿ ಇತ್ತು. ಚಾಪೆಯ ಕಡ್ಡಿ ತೊಡೆಗೆ ಚುಚ್ಚುತ್ತಿತ್ತು.

ಈ ಪತ್ರಿಕೆಯ ಸಂಪಾದಕರು ರಾಯಚೂರಿನಿಂದ ನನಗೆ ಕಾಗದ ಬರೆದಿದ್ದಾರೆ. "ನೀವು ಪರದೇಶದ ಪಟ್ಟಣಗಳನ್ನು ಕಂಡವರು. ಅಲ್ಲಿ ನೋಡತಕ್ಕ ಸ್ಥಳಗಳು ಯಾವುವು, ಎಲ್ಲಿ ಏನು ಉಂಡರೆ ರುಚಿ, ಯಾವ ಬಜಾರದಲ್ಲಿ ಏನು ಕೊಳ್ಳಬೇಕು, ನಿಮ್ಮ ಮನಸ್ಸಿಗೆ ಹಿಡಿಸಿದ್ದನ್ನು ಬರೆದು ಕಳುಹಿಸಿರಿ" ಎಂದು ಕೇಳಿದ್ದಾರೆ. ನನ್ನನ್ನು ನೀವು ಎಂದಿದ್ದಾರೆ. ನಾನು ಯಾವ ಕೇರಿಯವನೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಇರಲಿ, ಈಗ ಗೊತ್ತಾಯಿತು. ರಾಯಚೂರಿನ ತೀನ್ ಕಂದೀಲ್ ಚೌಕದಲ್ಲಿ ಈ ಪತ್ರಿಕೆ ಕೊಂಡು ಬಸ್ರಾಕ್ಕೆ ಮಿಠಾಯಿ ತಿನ್ನಲು ಹೊರಡುವವರು ಎಷ್ಟು ಮಂದಿಯೋ ನನಗೆ ತಿಳಿಯದು. ಕೇಳಿದ್ದಾರೆ, ಬರೆಯುತ್ತೇನೆ. ಮೊದಲನೆಯ ಸ್ಥಳ ಆ ಚಹಾದಂಗಡಿ. ಮುದುಕ ಈಗಲೂ ಇದ್ದಾನೆ. ಹೋದವರು ಬೆಂಚಿನ ಮೇಲೆ ಕೂಡಿರಿ.

ಯುದ್ಧದ ಕಾಲದಲ್ಲಿ ರಾಯಚೂರು ಸ್ಟೇಷನ್ನಿನ ಹೊರಗೆ ಮೇಜು ಹಾಕಿಕೊಂಡು ಕೂತಿದ್ದ ಭರ್ತಿಯವನು ನನ್ನ ಎದೆ ಅಳೆದ, ಬಾಯಿ ತೆರೆಸಿ ಹಲ್ಲು ನೋಡಿದ, ಬೆನ್ನಿಗೆ ಎರಡು ಗುದ್ದಿದ. ಸಂತೆಯಲ್ಲಿ ಹೋರಿ ನೋಡುವವರು ಬಾಲವನ್ನೂ ಎತ್ತುತ್ತಾರೆ. ಇವನು ಅಷ್ಟು ಮಾಡಲಿಲ್ಲ. ಬಸ್ರಾದ ಸೈನ್ಯದ ಸರಬರಾಜು ಡಿಪೋದಲ್ಲಿ ಮೂಟೆ ಹೊರುವ ಕೆಲಸ. ಹೋಗುವುದೆಲ್ಲಿಗೆ ಎಂದು ನನ್ನ ಅಕ್ಕ ಕೇಳಿದಾಗ ಸಮುದ್ರದ ಆಚೆ ಎಂದೆ. "ಕೃಷ್ಣಾ ಹೊಳಿಗಿಂತ ದೊಡ್ಡದೇನು?" ಎಂದಳು. ಅವಳು ಕಂಡ ನೀರು ಅಷ್ಟೇ, ನಾನು ಕಂಡದ್ದೂ ಅಷ್ಟೇ.

ನೋಡತಕ್ಕದ್ದೆಂದರೆ ಬಸ್ರಾದ ಹೊಳೆ. ಅದಕ್ಕೆ ಶತ್ತ್-ಅಲ್-ಅರಬ್ ಎಂದು ಹೆಸರು. ಎರಡು ದೊಡ್ಡ ಹೊಳೆಗಳು ಕೂಡಿ ಆದದ್ದು. ಈ ಹೊಳೆ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ. ಸುಳ್ಳಲ್ಲ. ಸಮುದ್ರ ಉಬ್ಬಿ ನೀರನ್ನು ಹಿಂದಕ್ಕೆ ನೂಕುತ್ತದೆ, ಆಗ ಹೊಳೆ ತಾನೇ ಎದ್ದು ಕಾಲುವೆ ಕಾಲುವೆಗೆ ನುಗ್ಗಿ ಖರ್ಜೂರದ ತೋಟಗಳಿಗೆ ನೀರುಣಿಸಿ ಇಳಿದುಹೋಗುತ್ತದೆ. ಕಪಿಲೆ ಇಲ್ಲ, ಏತವಿಲ್ಲ, ಎತ್ತಿಲ್ಲ. ತೋಟದವನು ಮರದ ಕೆಳಗೆ ಮಲಗಿರುತ್ತಾನೆ. ನಮ್ಮ ಕಡೆ ಕೃಷ್ಣೆ ಒಂದು ಮಗ್ಗುಲಿಗೆ, ತುಂಗಭದ್ರೆ ಇನ್ನೊಂದು ಮಗ್ಗುಲಿಗೆ ಹರಿದರೂ ನಡುವಿನ ಹೊಲಗಳು ಮುಗಿಲು ನೋಡುತ್ತಾ ಕೂತಿರುತ್ತವೆ. ಇದನ್ನು ಮೊದಲು ಕಂಡ ದಿನ ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಹೊಟ್ಟೆ ಉರಿಯಬೇಕಿತ್ತು. ಮಂಕು ಬಡಿದವನಂತೆ ನಿಂತಿದ್ದೆ ಅಷ್ಟೇ.

ಬಸ್ರಾದ ಸೆಖೆ ಬೇರೆ. ರಾಯಚೂರಿನ ಬಿಸಿಲು ಸುಡುತ್ತದೆ, ಕಲ್ಲು ಕಾದು ಕಾಲು ಬೊಬ್ಬೆ ಏಳುತ್ತದೆ, ಆದರೆ ಬೇವಿನ ಮರದ ಕೆಳಗೆ ಹೋದರೆ ಜೀವ ಬರುತ್ತದೆ. ಬಸ್ರಾದಲ್ಲಿ ದಕ್ಷಿಣದ ಗಾಳಿ ಬೀಸಿದರೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ನೆರಳೂ ಬೆವರುತ್ತದೆ. ಹೋಗುವವರು ಚಳಿಗಾಲದಲ್ಲಿ ಹೋಗಿರಿ.

ಚಹಾದಂಗಡಿಯ ಮುಂದೆ ನಕ್ಕ ಆ ಮನುಷ್ಯ ಮಾನವಿಯವರು. ನಮ್ಮ ಡಿಪೋದಲ್ಲೇ ಗುಮಾಸ್ತರು, ಮನೆತನ ಗುಡಿಯ ಪೂಜೆಯದು. ಹೆಸರು ಬರೆಯುವುದಿಲ್ಲ. ಆಚಾರ್ ಎನ್ನುತ್ತೇನೆ. ಮಾನವಿಯಲ್ಲಿ ನಿಂತು ಆಚಾರ್ ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ, ಆದ್ದರಿಂದ ತೊಂದರೆಯಿಲ್ಲ. ಆ ಡಿಪೋದಲ್ಲಿ ಪಂಜಾಬಿನವರು, ಮದರಾಸಿನವರು, ಬಂಗಾಲಿಗಳು ಎಲ್ಲರೂ ಇದ್ದರು, ಕನ್ನಡದವರು ನಾವಿಬ್ಬರೇ. ಎರಡು ತಿಂಗಳು ಕನ್ನಡ ಕೇಳದೆ ಕಿವಿ ಬತ್ತಿಹೋದ ಮನುಷ್ಯ ಮಾತಾಡುವವನ ಜಾತಿ ಕೇಳಿದರೂ ಉತ್ತರವನ್ನು ಮರೆತುಬಿಡುತ್ತಾನೆ. ಸಂಜೆ ಕೆಲಸ ಮುಗಿದ ಮೇಲೆ ಆಚಾರ್ ಬಂದು ನಮ್ಮ ಮೂಟೆಗಳ ಮೇಲೆ ಕೂಡುತ್ತಿದ್ದರು. ಮಾನವಿಯ ಸಂತೆ, ಮಲ್ಲಟದ ಶೇಂಗಾ, ಚೀಕಲಪರ್ವಿಯಲ್ಲಿ ಹೊಳೆ ಸ್ನಾನ, ತಂಗಿ ಮಾಡುವ ಪುಂಡಿಪಲ್ಯ, ಇವೇ ಮಾತು.

ಅಕ್ಕನಿಗೆ ನನ್ನ ಕಾಗದಗಳನ್ನು ಅವರೇ ಬರೆದುಕೊಡುತ್ತಿದ್ದರು. ನಾಲ್ಕನೆಯದಕ್ಕೆ ಬೇಸತ್ತು, "ಏ, ನನ್ನ ತಲಿ ತಿನಬ್ಯಾಡ. ನೀನ ಬರಿ" ಎಂದರು. ಖರ್ಜೂರದ ಪೆಟ್ಟಿಗೆಯ ಹಲಗೆ, ಇದ್ದಿಲಿನ ತುಂಡು. ಹಲಗೆಯನ್ನು ನೆಲದ ಮೇಲಿಟ್ಟು ಅವರು ದೂರ ಸರಿಯುತ್ತಿದ್ದರು, ನಾನು ತಿದ್ದಿ ಇಟ್ಟು ದೂರ ಸರಿಯುತ್ತಿದ್ದೆ. ಹಲಗೆ ನಡುವೆ ಬಿದ್ದಿರುತ್ತಿತ್ತು. ಒಂದು ವರ್ಷದಲ್ಲಿ ಓದಲು ಬರೆಯಲು ಬಂತು. ಆಚಾರ್ ಊರಿನಿಂದ ತಂದಿದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದೆ, ಅರ್ಥವಾದದ್ದು ಅರ್ಧ. ನೀವು ಈಗ ಓದುತ್ತಿರುವ ಅಕ್ಷರಗಳು ಆ ಹಲಗೆಯವು.

ಇನ್ನು ಕೊಳ್ಳುವ ಮಾತು. ಸೂಕ್ ಅಲ್ ಹನೂದ್ ಎಂದು ಒಂದು ಬಜಾರು, ಹಿಂದುಸ್ತಾನಿಗಳ ಬಜಾರು ಎಂದು ಅರ್ಥ. ಮೇಲೆ ತಗಡಿನ ಮಾಡು, ಕೆಳಗೆ ಇಕ್ಕೆಲಕ್ಕೂ ಅಂಗಡಿ. ಒಳಗೆ ಹೊಕ್ಕರೆ ಅರಿಷಿಣ, ಜೀರಿಗೆ, ಒಣಮೆಣಸಿನ ಘಾಟು. ಕಣ್ಣು ಮುಚ್ಚಿ ನಿಂತರೆ ರಾಯಚೂರಿನ ಕಿರಾಣಿ ಬಜಾರಿನಲ್ಲಿ ನಿಂತ ಹಾಗೆ. ಪರದೇಶಿಗಳೆಲ್ಲ ಅಲ್ಲಿ ಜಮಖಾನೆ, ತಾಮ್ರದ ಹೂಜಿ, ಒಣಗಿದ ನಿಂಬೆಕಾಯಿ ಕೊಳ್ಳುತ್ತಾರೆ. ಆ ನಿಂಬೆಕಾಯಿಯನ್ನು ಕುದಿಸಿ ಸಕ್ಕರೆ ಹಾಕಿ ಕುಡಿಯುತ್ತಾರೆ, ಹೊಟ್ಟೆನೋವಿಗೆ ಒಳ್ಳೆಯದು. ನನಗೆ ಹಿಡಿಸಿದ ಅಂಗಡಿ ಮಾತ್ರ ಬಜಾರದ ತುದಿಯಲ್ಲಿರುವ ಹಕ್ಕಿಯ ಕಾಳಿನ ಅಂಗಡಿ. ಬಸ್ರಾದ ಜನಕ್ಕೆ ಪಾರಿವಾಳದ ಹುಚ್ಚು, ಮಾಳಿಗೆ ಮಾಳಿಗೆಗೂ ಗೂಡು. ಅವಕ್ಕೆ ಹಾಕುವ ಕಾಳು ಒಂದು ಗೋಣಿಯಲ್ಲಿ ಬಾಯಿ ತೆರೆದುಕೊಂಡಿತ್ತು. ಕೈ ಹಾಕಿ ನೋಡಿದೆ. ಜೋಳ! ನಮ್ಮ ಬಿಳಿ ಜೋಳದ ಹಾಗೆಯೇ, ಸ್ವಲ್ಪ ಸಣ್ಣದು. "ಎಷ್ಟು ಪಾರಿವಾಳ ಸಾಕಿದ್ದೀ?" ಎಂದು ಅಂಗಡಿಯವನು ಕೇಳಿದ. ಒಂದು ಎಂದು ಎದೆ ಮುಟ್ಟಿ ತೋರಿಸಿದೆ. ಅವನು ನಗಲಿಲ್ಲ, ಹುಚ್ಚನೆಂದು ತಿಳಿದು ಬೇಗ ತೂಗಿಕೊಟ್ಟ.

ಆ ಜೋಳ ಕೊಂಡ ಬೇಸಿಗೆಯಲ್ಲೇ ಆಚಾರ್‌ಗೆ ಜ್ವರ ಬಂತು.

ಅವರು ಅಲ್ಲಿಯವರೆಗೆ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಿದ್ದರು. ಒದ್ದೆ ಪಂಚೆ ಉಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ಒಂದು ದಿನ ಅನ್ನ ಸೀದಿದ್ದು, ಒಂದು ದಿನ ಬೇಯದೇ ಉಳಿದದ್ದು. ಡಿಪೋದ ಮೆಸ್ಸಿನ ನೀರನ್ನೂ ಮುಟ್ಟಿದವರಲ್ಲ. ಜ್ವರ ಏರಿದಾಗ ಡಾಕ್ಟರು ಬಂದು ಆಸ್ಪತ್ರೆಯ ಹಾಲು, ಬ್ರೆಡ್ಡು ಕಳಿಸಿದರು. ಆಚಾರ್ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮೂರು ದಿನ ಬರೀ ತಾವೇ ತುಂಬಿಟ್ಟುಕೊಂಡ ಕೊಡದ ನೀರು. ನಾಲ್ಕನೆಯ ದಿನ ಕೊಡ ಎತ್ತಲೂ ಕೈಯಲ್ಲಿ ಬಲವಿರಲಿಲ್ಲ. "ಹೊಟ್ಟೆಗೆ ಏನೂ ಹೋಗದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ" ಎಂದು ಡಾಕ್ಟರು ನನಗೆ ಹೇಳಿ ಹೋದರು. ನನಗೇಕೆ ಹೇಳಿದರೋ! ಬಾಗಿಲಲ್ಲಿ ಕೂತಿದ್ದವನು ನಾನೊಬ್ಬನೇ, ಅದಕ್ಕೇ ಇರಬೇಕು.

ನಾನು ಹೊಸ್ತಿಲು ದಾಟಿದೆ. ಪಾರಿವಾಳದ ಜೋಳವನ್ನು ಕುಟ್ಟಿ ನುಚ್ಚು ಮಾಡಿ ತೆಳ್ಳಗೆ ಅಂಬಲಿ ಕಾಯಿಸಿದೆ. ಅವರ ತಲೆ ಎತ್ತಿ ಹಿಡಿದು ಚಮಚದಲ್ಲಿ ಬಾಯಿಗೆ ಬಿಟ್ಟೆ. ಮೊದಲ ಎರಡು ದಿನ ಅವರಿಗೆ ಎಚ್ಚರವಿರಲಿಲ್ಲ. ಮೂರನೆಯ ದಿನ ಕಣ್ಣು ತೆರೆದು ನನ್ನ ಮುಖ ನೋಡಿದರು, ಚಮಚ ನೋಡಿದರು. ನನ್ನ ಕೈ ನಿಂತಿತು. ಅವರಿಗೆ ಎಲ್ಲ ತಿಳಿದಿದೆಯೆಂದು ನನಗೂ ತಿಳಿಯಿತು. ಕೂಗಾಡುತ್ತಾರೆ ಎಂದುಕೊಂಡೆ.

"ಉಪ್ಪು ಕಮ್ಮಿ ಆಗ್ಯದಲೇ" ಎಂದು ಬಾಯಿ ತೆರೆದರು.

ಹನ್ನೆರಡು ದಿನಕ್ಕೆ ಎದ್ದು ಕೂತರು. ಕೂತ ದಿನ ನನ್ನನ್ನು ಹತ್ತಿರ ಕರೆದು, "ತಿಮ್ಮಪ್ಪಾ" ಎಂದರು. ಅಲ್ಲಿಯವರೆಗೆ ತಿಮ್ಮ್ಯಾ ಆಗಿದ್ದೆ. "ನನ್ನ ಜೀವ ನೀ ಉಳಿಸಿದಿ. ಆದ್ರ ಇದು ಊರಿಗೆ ಗೊತ್ತಾದ್ರ ನನ್ನ ತಂಗಿ ಮದಿವಿ ಆಗಂಗಿಲ್ಲ. ಸಮುದ್ರ ದಾಟಿದ್ದಕ್ಕ ಪ್ರಾಯಶ್ಚಿತ್ತ ಅದ. ಇದಕ್ಕ ಇಲ್ಲ. ತಿಳೀತೇನು?"

"ತಿಳೀತ್ರೀ" ಎಂದೆ. ಅವರು ತಪ್ಪು ಮಾತೇನೂ ಆಡಿರಲಿಲ್ಲ. ತಂಗಿಗೆ ಅಪ್ಪ ಇಲ್ಲ, ಅವಳ ಮದುವೆ ಇವರ ಕೊರಳಿಗೆ ಬಿದ್ದದ್ದು.

ಅಲ್ಲಿಂದ ಎರಡು ವರ್ಷ ನಮ್ಮಿಬ್ಬರದು ಒಂದೇ ಒಲೆ. ನಾನು ಮಾಡುವುದು, ಇಬ್ಬರೂ ಉಣ್ಣುವುದು. ರೊಟ್ಟಿ ಬಡಿಯಲು ನನಗೆ ಅಕ್ಕ ಕಲಿಸಿದ್ದಳು. ಆಚಾರ್‌ಗೆ ಬಿಸಿ ರೊಟ್ಟಿಯ ಮೇಲೆ ಶೇಂಗಾದ ಹಿಂಡಿ ಇದ್ದರೆ ಸ್ವರ್ಗ. "ನಮ್ಮ ಮನ್ಯಾಗ ಇಷ್ಟು ತೆಳ್ಳಗ ಯಾರಿಗೂ ಬಡಿಯಾಕ ಬರಂಗಿಲ್ಲ ನೋಡು" ಎಂದು ಬೆರಳು ನೆಕ್ಕುತ್ತಿದ್ದರು. ಅರಬರ ಅಂಗಡಿಯ ಚಹಾ, ಆಸ್ಪತ್ರೆಯ ಬ್ರೆಡ್ಡು ಇವನ್ನು ಕೊನೆಯವರೆಗೂ ಮುಟ್ಟಲಿಲ್ಲ. ಚಹಾದಂಗಡಿಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂಡುವರು, ಏನೂ ಕುಡಿಯರು. ಮುದುಕ ಇವರನ್ನು ನೋಡಿ ಹಲ್ಲು ಕಡಿಯುವನು. ಆ ಊರಿನಲ್ಲಿ ಅವರು ಉಂಡದ್ದು ನನ್ನೊಬ್ಬನ ಕೈಯಿಂದ.

ಬಗದಾದಿಗೆ ಒಂದು ಸಲ ಸಾಮಾನಿನ ಜೊತೆ ಇಬ್ಬರನ್ನೂ ಕಳಿಸಿದ್ದರು. ತಿನ್ನುವ ಸ್ಥಳ ಕೇಳಿದರೆ ನಾನು ಬಗದಾದಿನ ಹೊಳೆದಂಡೆಯನ್ನೇ ಹೇಳುತ್ತೇನೆ. ಅಲ್ಲಿ ದೊಡ್ಡ ಮೀನನ್ನು ಬೆನ್ನಿನಿಂದ ಸೀಳಿ, ಪುಸ್ತಕದ ಹಾಗೆ ಬಿಚ್ಚಿ, ಗೂಟಗಳಿಗೆ ಚುಚ್ಚಿ ಬೆಂಕಿಯ ಸುತ್ತ ನಿಲ್ಲಿಸುತ್ತಾರೆ. ಮಸ್ಗೂಫ್ ಎನ್ನುತ್ತಾರೆ ಅದಕ್ಕೆ. ಮೀನಿನದೇ ಎಣ್ಣೆ ಇಳಿದು ತಾನೇ ಬೇಯುತ್ತದೆ, ಹುಣಸೆಹುಳಿ ಸವರಿ ಕೊಡುತ್ತಾರೆ. ಆಚಾರ್ ನಾನು ಕಟ್ಟಿ ತಂದಿದ್ದ ರೊಟ್ಟಿ ಹಿಡಿದು ಗಾಳಿಯ ಮೇಲ್ಮಗ್ಗುಲಿಗೆ ಮೂಗು ಮುಚ್ಚಿಕೊಂಡು ಕೂತಿದ್ದರು.

"ಹ್ಯಾಂಗದಲೇ?"

"ಚೊಲೋ ಅದ್ರೀ."

"ನಿನ್ನ ಮಾರಿ ನೋಡಿದ್ರ ಚೊಲೋನೂ ಗೊತ್ತಾಗಂಗಿಲ್ಲ, ಕೆಟ್ಟದ್ದೂ ಗೊತ್ತಾಗಂಗಿಲ್ಲ. ಕಲ್ಲು ಹುಟ್ಟ್ಯಾದಪಾ ನಿಮ್ಮವ್ವನ ಹೊಟ್ಟ್ಯಾಗ."

ಅದು ನಿಜ. ನನ್ನ ಮುಖದಲ್ಲಿ ಏನೂ ಕಾಣುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಒಳಗೂ ಬಹಳವೇನೂ ಇರುವುದಿಲ್ಲ. ಆ ದಿನ ಮಾತ್ರ ಸಂತೋಷವಾಗಿದ್ದೆ ಎಂದು ಈಗ ಬರೆಯುವಾಗ ತಿಳಿಯುತ್ತಿದೆ.

ಯುದ್ಧ ಮುಗಿದ ಮೇಲೆ ಇಬ್ಬರಿಗೂ ಒಟ್ಟಿಗೇ ರಜೆ ಸಿಕ್ಕಿತು. ಹೊರಡುವ ಮೊದಲು ಎರಡು ದಿನ ಕೂತು ಕಟಕ ರೊಟ್ಟಿ ಮಾಡಿದೆ, ತಿಂಗಳಾದರೂ ಕೆಡುವುದಿಲ್ಲ. ಹಡಗಿನಲ್ಲಿ ಅದೇ, ಮುಂಬಯಿಯಲ್ಲಿ ಅದೇ, ಮದರಾಸಿನ ಗಾಡಿಯಲ್ಲಿ ಸೊಲ್ಲಾಪುರದವರೆಗೂ ಒಂದೇ ಅರಿವೆಯಿಂದ ಇಬ್ಬರೂ ತಿಂದೆವು. ಗುಲಬರ್ಗಾದಲ್ಲಿ ಕನ್ನಡ ಮಾತಾಡುವ ಜನ ಹತ್ತಿದರು. ಆಚಾರ್ ತಿನ್ನುವುದನ್ನು ನಿಲ್ಲಿಸಿದರು. ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿ ಇಳಿದು ನಳದ ಕೆಳಗೆ ಸ್ನಾನ ಮಾಡಿ, ಒಣ ಧೋತರ ಉಟ್ಟು, ಹಣೆಗೆ, ತೋಳಿಗೆ, ಎದೆಗೆ ಮುದ್ರೆ ಹಚ್ಚಿಕೊಂಡು ಬಂದರು. ಬಂದವರು ನನ್ನ ಪಕ್ಕ ಕೂಡದೆ ಎದುರಿನ ಬೆಂಚಿನ ಕಿಟಕಿಗೆ ಕೂತರು. ಉಳಿದ ರೊಟ್ಟಿಯ ಗಂಟನ್ನು ಕಾಲಿನಿಂದ ಮೆಲ್ಲಗೆ ನನ್ನ ಕಡೆಗೆ ಸರಿಸಿ, "ನೀನ ಇಟ್ಕೋ" ಎಂದರು.

ನಾನು ಎದ್ದು ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ಅವರು ಹೇಳಿರಲಿಲ್ಲ. ಕಾಲುಗಳಿಗೆ ದಾರಿ ಗೊತ್ತಿತ್ತು.

ರಾಯಚೂರು ಸ್ಟೇಷನ್ನಿಗೆ ಅವರನ್ನು ಕರೆದೊಯ್ಯಲು ಸೋದರಮಾವ ಬಂದಿದ್ದರು. ನನ್ನನ್ನು ನೋಡಿ ಯಾರೆಂದು ಕೇಳಿದರು. "ನಮ್ಮ ಡಿಪೋದಾಗ ಮೂಟಿ ಹೊರಾಂವ" ಎಂದರು ಆಚಾರ್. ಅದೂ ನಿಜವೇ.

ದೇವದುರ್ಗದಲ್ಲಿ ಅಕ್ಕನ ಮನೆಯಲ್ಲಿ ಹದಿನೈದು ದಿನ ಕಳೆದಿರಬೇಕು. ಮಾನವಿಯಿಂದ ಆಳು ಬಂದ. "ನಾಳಿ ಬಾ ಅಂತ, ಆಚಾರ್ ಹೇಳ್ಯಾರ. ತಪ್ಪಿಸಬ್ಯಾಡ ಅಂತ." ಯಾಕೆಂದು ನನಗೆ ತಿಳಿಯಿತು. ಅಕ್ಕ ಮಾತ್ರ, "ಎಂಥ ದೊಡ್ಡ ಮಂದಿ ಕೂಡ ಓಡಾಡ್ತಿಯಪ್ಪಾ ನೀನು!" ಎಂದು ಹಿಗ್ಗಿ, ನನ್ನ ಅಂಗಿ ಒಗೆದುಕೊಟ್ಟಳು.

ಮಾನವಿಯ ಗುಡಿಯ ಓಣಿಯಲ್ಲಿ ಅವರ ಮನೆ. ನಾನು ಬೀದಿಯಲ್ಲಿ, ಕಟ್ಟೆಯಿಂದ ನಾಲ್ಕು ಮಾರು ದೂರ ನಿಂತೆ. ಕಟ್ಟೆಯ 
ಮೇಲೆ ರಾಯಚೂರಿನಿಂದ ಬಂದ ಬೀಗರ ಕಡೆಯ ಒಬ್ಬ ಹಿರಿಯರು, ವಯಸ್ಸಾದವರು, ಶಾಂತ ಮುಖ. ಪಕ್ಕದಲ್ಲಿ ಆಚಾರ್. ಬಾಗಿಲ ಸಂದಿಯಲ್ಲಿ ಅವರ ತಾಯಿ. ಒಳಗಿನಿಂದ ಬಳೆಯ ಸದ್ದು ಬಂತು. ತಂಗಿ ಇರಬೇಕು, ಮದುವೆ ಅವಳದು.

"ಏನಪಾ ನಿನ್ನ ಹೆಸರು?" ಹಿರಿಯರು ಕೇಳಿದರು.

"ತಿಮ್ಮಪ್ಪರೀ."

"ಹಾಂ, ತಿಮ್ಮ್ಯಾ. ನೀ ಇವರ ಕೂಡ ಪರದೇಶದಾಗ ಇದ್ದೇನು?"

"ಇದ್ದೆರೀ. ಮೂರು ವರ್ಷದ ಮ್ಯಾಲ."

"ಸುಳ್ಳು ಹೇಳಬ್ಯಾಡ. ಎದುರಿಗೆ ದೇವರ ಗುಡಿ ಅದ. ಅಲ್ಲಿ ನಮ್ಮ ಕಡ್ಯಾವ ನೀ ಒಬ್ಬನ ಇದ್ದಿ, ಅದಕ ಕರಿಸೀವಿ. ಇವರು ಅಲ್ಲಿ ಸಾಬರ ಕೈಲೆ ಏನರ ಉಂಡಿದ್ದು, ಕುಡಿದಿದ್ದು ಅದೇನು?"

"ಇಲ್ರೀ."

"ಕಿರಿಸ್ತಾನರ ಕೈಲೆ? ಗೋರೆ ಮಂದಿ ಕೈಲೆ?"

"ಇಲ್ರೀ."

"ಹೋಟೆಲು, ಮೆಸ್ಸು, ದವಾಖಾನಿ?"

"ಒಂದು ದಿನಾನೂ ಇಲ್ರೀ."

ಮೂರೂ ನಿಜ. ಗುಡಿಯ ಕಡೆಗೆ ಮುಖ ಮಾಡಿಯೇ ಹೇಳಿದೆ. ಮುಂದಿನ ಮಾತು ಬರುತ್ತದೆಂದು ಕಾದು ನಿಂತೆ. ನಿನ್ನ ಕೈಯಿಂದ ಉಂಡಿದ್ದಾರೇನು ಎಂದು ಕೇಳಬೇಕಲ್ಲ, ಕೇಳುತ್ತಾರೆ. ನನ್ನ ಉತ್ತರ ಹೌದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಇಲ್ಲವೆಂದರೆ ಆ ಎರಡು ವರ್ಷವೇ ಇಲ್ಲ. ಹೌದೆಂದರೆ ಒಳಗಿನ ಆ ಹುಡುಗಿಯ ಮದುವೆ ಇಲ್ಲ. ಆಚಾರ್ ನೆಲ ನೋಡುತ್ತಾ ಕಾಲಿನ ಹೆಬ್ಬೆರಳಿನಿಂದ ಕಲ್ಲನ್ನು ಒತ್ತುತ್ತಿದ್ದರು. ಅವರ ಉಸಿರು ನನಗೆ ಅಷ್ಟು ದೂರಕ್ಕೂ ಕೇಳಿಸಿತು.

"ಛಲೋ ಆತು" ಎಂದು ಹಿರಿಯರು ಒಳಗಿನವರ ಕಡೆ ತಿರುಗಿದರು. "ಪಂಚಗವ್ಯ ತಗೊಂಡ್ರ ಸಾಕು, ಬ್ಯಾರೆ ಏನೂ ಬೇಕಿಲ್ಲ. ಕುಂಕುಮ ಹಚ್ಚೋಣ ಬರ್ರಿ."

ಕೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಆ ಮುದುಕರಲ್ಲಿ ಕಪಟವೇನೂ ಇರಲಿಲ್ಲ. ಅವರಿಗೆ ಅದು ಹೊಳೆಯಲೇ ಇಲ್ಲ. ಕೊಟ್ಟಿಗೆಯ ಎತ್ತು ಅಡಿಗೆ ಮಾಡಿ ಬಡಿಸಿತೇ ಎಂದು ಯಾರಾದರೂ ಕೇಳುತ್ತಾರೆಯೇ? ಸಿಟ್ಟು ಬರಬೇಕಿತ್ತು. ಬಿಸಿಲಿಗೆ ನೆತ್ತಿ ಕಾದಿತ್ತು, ಅದಷ್ಟೇ ಗೊತ್ತಾಗುತ್ತಿತ್ತು.

ಆಚಾರ್ ತಾಯಿ ಹೊರಗೆ ಬಂದು, ನಾನು ಒಡ್ಡಿದ ವಸ್ತ್ರಕ್ಕೆ ಮೇಲಿನಿಂದ ಎರಡು ಬುಂದಿ ಉಂಡಿ ಹಾಕಿದರು. "ನನ್ನ ಮಗಳ ಬಾಳು ಉಳಿಸಿದಿಯಪ್ಪಾ. ನಿನಗ ಪುಣ್ಯ ಬರ್ತದ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಹೆಂಗಸು.

ಬಸ್ಸು ನಿಲ್ಲುವ ಜಾಗಕ್ಕೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಆಚಾರ್ ಓಡುತ್ತಾ ಬಂದರು. ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ, ಆದರೂ ನಾಲ್ಕು ಮಾರು ದೂರವೇ ನಿಂತರು.

"ತಿಮ್ಮಪ್ಪಾ. ಇನ್ನೊಂದು ಮಾತು ಕೇಳಿದ್ರ ಏನು ಹೇಳ್ತಿದ್ದಿ?"

"ಕೇಳಲಿಲ್ಲಲ್ರೀ."

"ಕೇಳಿದ್ರ?"

"ಅವರಿಗೆ ಹೊಳೀಲಿಲ್ರೀ. ಹೊಳಿಯೂದೂ ಇಲ್ಲ."

ಆಚಾರ್ ಅಲ್ಲಿಯೇ ನಿಂತು ಅತ್ತುಬಿಟ್ಟರು, ಟೋಪಿಯಿಂದ ಮುಖ ಒರೆಸಿಕೊಂಡರು. "ನಿನಗ ಸಿಟ್ಟು ಬರಂಗಿಲ್ಲೇನಲೇ? ಬೈಯಾರ ಬೈ ನನ್ನ!"

"ಇನ್ನಾ ಬಂದಿಲ್ರೀ" ಎಂದೆ. ಅದು ಚೇಷ್ಟೆಯ ಮಾತಲ್ಲ.

ಅವರು ಮತ್ತೆ ಬಸ್ರಾಕ್ಕೆ ಬರುವುದಿಲ್ಲವೆಂದರು, ಊರಲ್ಲೇ ಶಾಲೆ ಮಾಸ್ತರಿಕೆ ಸಿಗುವುದಿತ್ತು. ಒಳ್ಳೆಯದಾಯಿತೆಂದೆ. ಬಸ್ಸು ಬಂತು. ಉಂಡಿಯನ್ನು ದಾರಿಯಲ್ಲಿ ತಿಂದೆ. ಸಿಹಿ ಹೆಚ್ಚಾಗಿತ್ತು, ಏಲಕ್ಕಿ ಹಾಕಿದ್ದರು.

ಈಗ ಬಸ್ರಾ ಬಂದರಿನಲ್ಲಿ ಖರ್ಜೂರದ ಪೆಟ್ಟಿಗೆಗಳ ಮೇಲೆ ಊರುಗಳ ಹೆಸರು ಬರೆಯುವ ಕೆಲಸದಲ್ಲಿದ್ದೇನೆ. ಅಶಾರಿನ ಒಂದು ಓಣಿಯಲ್ಲಿ ಬಾಡಿಗೆಯ ಕೋಣೆ. ಮನೆಯೊಡತಿಯನ್ನು ಉಮ್ಮ್ ಜಾಸಿಮ್ ಎನ್ನುತ್ತಾರೆ, ಜಾಸಿಮನ ತಾಯಿ ಎಂದು. ಇಲ್ಲಿ ಎಲ್ಲರನ್ನೂ ಹಿರಿಮಗನ ಹೆಸರಿನಿಂದ ಕರೆಯುತ್ತಾರೆ. ಕೋಣೆ ಕೊಡುವಾಗ ಅವಳು ಯಾವ ಪೈಕಿ ಎಂದು ಕೇಳಲಿಲ್ಲ, ಮಗನ ಹೆಸರು ಕೇಳಿದಳು. ಮಗನಿಲ್ಲ, ಮದುವೆಯೇ ಇಲ್ಲ ಎಂದೆ. ಅಂಥವರಿಗೂ ಇಲ್ಲಿ ಒಂದು ಹೆಸರು ಸಿದ್ಧವಿದೆ. ಅಬು ಗಾಯಿಬ್. ಎದುರಿಗಿಲ್ಲದವನ ಅಪ್ಪ ಎಂದು ಅರ್ಥ. ಓಣಿಯಲ್ಲಿ ನನ್ನನ್ನು ಹಾಗೆಯೇ ಕರೆಯುತ್ತಾರೆ. ಯಾರೂ ಕೆಟ್ಟದ್ದಾಗಿ ನಡೆದುಕೊಳ್ಳುವುದಿಲ್ಲ. ಊಟ ಒಬ್ಬನದೇ. ಒಬ್ಬನಿಗೆ ರೊಟ್ಟಿ ಬಡಿಯಲು ಬೇಸರ, ತಂದೂರಿನ ರೊಟ್ಟಿ ಕೊಂಡು ತರುತ್ತೇನೆ. ದೇವದುರ್ಗದಲ್ಲಿ ಹದಿನೈದು ದಿನ ಇದ್ದಾಗ ಬಸ್ರಾದ ಹೊಳೆಯ ವಾಸನೆ ಬೇಕೆನಿಸುತ್ತಿತ್ತು. ಇಲ್ಲಿ ಮಣ್ಣಿನ ಧೂಳು ಎದ್ದರೆ ದೇವದುರ್ಗದ ಸಂತೆ ನೆನಪಾಗುತ್ತದೆ. ಎರಡೂ ಕಡೆ ನಾನು ಅರ್ಧ ದಿನದ ಕೂಲಿಯವನು.

ಈ ಲೇಖನ ಬರೆಯುವ ಮೊದಲು ಆಚಾರ್‌ಗೆ ಕಾಗದ ಹಾಕಿ, ನಡೆದದ್ದನ್ನು ಬರೆಯಲೇ ಎಂದು ಕೇಳಿದೆ. ಕಾರ್ಡು ಬಂತು. "ಬರೆ. ತಂಗಿಗೆ ಗಂಡುಮಗು ಆಗಿದೆ, ಇನ್ನು ಅವಳಿಗೆ ಭಯವಿಲ್ಲ. ನನ್ನ ಹೆಸರು ಹಾಕಬೇಡ. ನಿನ್ನ ಒತ್ತಕ್ಷರಗಳು ಇನ್ನೂ ತಪ್ಪುತ್ತಿವೆ, ನೋಡಿಕೋ."

ಮೊನ್ನೆ ಉಮ್ಮ್ ಜಾಸಿಮ್ ಅಂಗಳದಲ್ಲಿ ಸೊಪ್ಪು ಸೋಸುತ್ತಾ, ಹಿಂದುಸ್ತಾನದಲ್ಲಿ ನಿನಗೆ ಯಾರು ಯಾರಿದ್ದಾರೆ ಎಂದು ಕೇಳಿದಳು. ಒಬ್ಬ ಅಕ್ಕ ಇದ್ದಾಳೆ, ಒಬ್ಬ ಗೆಳೆಯ ಇದ್ದಾನೆ ಎಂದೆ. ಅರಬಿಯಲ್ಲಿ ಗೆಳೆಯನಿಗೆ ಸದೀಕ್ ಎನ್ನುತ್ತಾರೆ. ಆ ಮಾತು ಸಲೀಸಾಗಿ ಬಾಯಿಗೆ ಬಂತು. ಕನ್ನಡದಲ್ಲಿ ಅದನ್ನು ನಾನು ಇದುವರೆಗೆ ಯಾರ ಮುಂದೆಯೂ ಆಡಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.